ಹದಿನಾಲ್ಕೂವರೆ ನಂಬರಿನ ಮನೆ

ಸೂಪರ್ ಮಾರ್ಕೆಟ್ಟಿನವರಿಗೆ ಬಾಗಿಲು ಎಣಿಸಲು ಬರುತ್ತಿತ್ತು, ಬಾಯಿ ಎಣಿಸಲು ಬರುತ್ತಿರಲಿಲ್ಲ. ಲಾಕ್‌ಡೌನಿನ ಎರಡನೇ ವಾರ ಅವರು ಅಂಗಡಿಯ ಶಟರ್ ಎಳೆದು, ಇನ್ನು ಮೇಲೆ ಫೋನಿನಲ್ಲೇ ಆರ್ಡರ್ ಮಾಡಿ ಎಂದರು. ಒಂದು ವಿಳಾಸಕ್ಕೆ ವಾರಕ್ಕೊಂದು ಆರ್ಡರ್. ಯಾವ ಸಾಮಾನಾದರೂ ಎರಡೇ. ಮಕ್ಕಳ ಹಾಲಿನ ಪುಡಿ ಮಾತ್ರ ಒಂದೇ ಡಬ್ಬ.

ಮೂಲೆಮನೆಯಲ್ಲಿ ಒಬ್ಬನೇ ಇದ್ದ ನಿವೃತ್ತ ಗುಮಾಸ್ತನಿಗೆ ಎರಡು ಡಜನ್ ಮೊಟ್ಟೆ ಬಂತು. ಏಳು ಜನರಿದ್ದ ಹದಿನಾಲ್ಕನೇ ನಂಬರಿಗೂ ಎರಡು ಡಜನ್ ಬಂತು. ಗುಮಾಸ್ತ ದಿನಾ ಬೆಳಿಗ್ಗೆ ಆಮ್ಲೆಟ್ ಮಾಡಿಕೊಳ್ಳುವ ವಾಸನೆ ಬೀದಿಯೆಲ್ಲ ಹರಡುತ್ತಿತ್ತು.

ಹದಿನಾಲ್ಕನೇ ನಂಬರಿನ ಯಜಮಾನನನ್ನು ಬೀದಿಯವರು ಅಂಚೆಯಜ್ಜ ಎನ್ನುತ್ತಿದ್ದರು. ಮೂವತ್ತೆಂಟು ವರ್ಷ ಇದೇ ಬೀದಿಗಳಲ್ಲಿ ಟಪಾಲು ಹಂಚಿದವನು. ಮನೆಯಲ್ಲಿ ಅವನ ಹೆಂಡತಿ, ಲಿಫ್ಟ್ ರಿಪೇರಿ ಮಾಡುವ ಮಗ, ಚಪ್ಪಲಿ ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದ ಸೊಸೆ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮಗಳು, ಮತ್ತು ಮೂರು ತಿಂಗಳ ಅವಳಿ ಮಕ್ಕಳು. ಮಗಳನ್ನು ಮನೆಯವರೂ ಟೀಚರ್ ಅಂತಲೇ ಕರೆಯುತ್ತಿದ್ದರು. ಅವಳಿಗಳಲ್ಲಿ ಹನ್ನೊಂದು ನಿಮಿಷ ಮೊದಲು ಹುಟ್ಟಿದವನು ದೊಡ್ಡೋನು, ಆಮೇಲಿನವಳು ಚಿಕ್ಕೋಳು. ಸೊಸೆಯ ಹಾಲು ಇಬ್ಬರಿಗೂ ಸಾಲುತ್ತಿರಲಿಲ್ಲ. ಪುಡಿಯ ಡಬ್ಬ ಒಂದು ಮಗುವಿಗಾದರೆ ಎಂಟು ದಿನ ಬರುತ್ತಿತ್ತು. ಇಬ್ಬರಿಗೆ ನಾಲ್ಕೇ ದಿನ. ವಾರದ ಉಳಿದ ಮೂರು ದಿನ ಏನು ಮಾಡಬೇಕೆಂದು ಫೋನು ಹೇಳುತ್ತಿರಲಿಲ್ಲ.

"ಜೊತೆ ಚಪ್ಪಲಿ ಕೇಳಿದ್ರೆ ಒಂದೇ ಕಾಲಿಂದು ಕೊಟ್ಟ ಹಾಗಾಯ್ತು ಇವರ ಕಥೆ," ಎಂದಳು ಸೊಸೆ. "ನಮ್ಮ ಅಂಗಡೀಲಿ ಹಾಗೆ ಕೊಟ್ಟಿದ್ರೆ ಗಿರಾಕಿ ಅದರಲ್ಲೇ ಹೊಡೀತಿದ್ದ."

ಮೊದಲೇ ತಂದಿಟ್ಟಿದ್ದ ಎರಡು ಡಬ್ಬಗಳಿಂದ ಎರಡು ವಾರ ಹೇಗೋ ತಳ್ಳಿದರು. ಪಕ್ಕದ ಮನೆಯ ಬಾಣಂತಿಗೂ ಅದೇ ಪುಡಿ ಬೇಕಿತ್ತು, ಅವಳನ್ನು ಕೇಳುವ ಹಾಗಿರಲಿಲ್ಲ. ಎದುರುಮನೆಗೆ ಬೀಗ. ಮೂಲೆಮನೆಯ ಗುಮಾಸ್ತ ತನ್ನ ಆರ್ಡರಿನಲ್ಲಿ ಒಂದು ಸಲ ತರಿಸಿಕೊಟ್ಟ. ಎರಡನೇ ಸಲ ಅಜ್ಜಿ ಅವನ ಬಾಗಿಲಿಗೆ ಹೋದಾಗ ಕಿಟಕಿಯ ಪರದೆ ಎಳೆದುಕೊಂಡ.

"ನನ್ನ ಫೋನಿಂದ ಇನ್ನೊಂದು ಖಾತೆ ಮಾಡ್ತೀನಿ," ಎಂದ ಮಗ, ಅಡುಗೆಮನೆಯ ಮೇಜಿನ ಮೇಲೆ ಆಲೂಗಡ್ಡೆ ಸಿಪ್ಪೆಯನ್ನು ಪಕ್ಕಕ್ಕೆ ಸರಿಸುತ್ತ. "ಹದಿನಾಲ್ಕು ಎ ಅಂತ ಹಾಕಿದ್ರಾಯ್ತು. ಯಾರು ನೋಡ್ತಾರೆ?"

ಅಜ್ಜ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಮೆತ್ತಗಾಗಲು ಕಾಯುತ್ತಿದ್ದ. ಲಾಕ್‌ಡೌನಿಗೆ ಹತ್ತು ದಿನ ಮೊದಲು ದಂತವೈದ್ಯ ಅವನ ಬಾಯಲ್ಲಿ ಉಳಿದಿದ್ದ ಆರು ಹಲ್ಲನ್ನೂ ಕಿತ್ತು, ಹೊಸ ಸೆಟ್ಟಿಗೆ ಅಳತೆ ತೆಗೆದುಕೊಂಡು, ಬಾಗಿಲು ಹಾಕಿಕೊಂಡು ಹೋಗಿದ್ದ.

"ಹದಿನಾಲ್ಕು ಎ ಅಂತ ಯಾವ ಮನೆಯಿದೆ ಈ ಬೀದೀಲಿ?" ಎಂದ ಅಜ್ಜ.

"ಇಲ್ಲ. ಅದಕ್ಕೇ ಹಾಕ್ತಿರೋದು."

"ಇಲ್ಲದ ವಿಳಾಸ ಬರಿಯೋದು ಕಳ್ಳನೋಟು ಅಚ್ಚು ಹಾಕಿದ ಹಾಗೆ. ಕೊಡಿಲ್ಲಿ."

ಅವನು ಮಗನ ಕೈಯಿಂದ ಫೋನು ಕಿತ್ತುಕೊಂಡು ವಿಳಾಸವನ್ನು ತಾನೇ ಹಾಕಿದ. ಮನೆ ನಂಬರು, ಅಡ್ಡರಸ್ತೆ, ಬಡಾವಣೆ, ಆರಂಕಿಯ ಪಿನ್ ಕೋಡು. ಅಲ್ಪವಿರಾಮ ಕೂಡ ಜಾಗ ತಪ್ಪಲಿಲ್ಲ. ಮಗಳ ಹಳೆಯ ಖಾತೆಯಲ್ಲಿ ವಿಳಾಸ ಬರೆಸಿದ್ದವನೂ ಅವನೇ. ಎರಡೂ ತದ್ರೂಪು.

ಐದು ನಿಮಿಷಕ್ಕೆ ಎರಡೂ ಫೋನು ಒಟ್ಟಿಗೆ ಗುಂಯ್‌ಗುಟ್ಟಿದವು. ಟೀಚರ್ ಓದಿದಳು: "ಒಂದೇ ವಿಳಾಸದಲ್ಲಿ ಎರಡು ಖಾತೆ ಕಂಡುಬಂದಿದೆ. ಎರಡನ್ನೂ ಏಳು ದಿನ ತಡೆಹಿಡಿಯಲಾಗಿದೆ."

ಆ ವಾರ ಬಂದ ಡಬ್ಬದಲ್ಲಿ ಎರಡು ದಿನದ ಪುಡಿ ಉಳಿದಿತ್ತು.

"ಇದ್ದ ಒಂದು ಡಬ್ಬಾನೂ ಹೋಯ್ತು," ಎಂದಳು ಅಜ್ಜಿ. "ನಿಮ್ಮ ಅಲ್ಪವಿರಾಮ ಕುದಿಸಿ ಕುಡಿಸೋಣ ಮಕ್ಕಳಿಗೆ."

ಮೂರನೇ ದಿನ ಬೆಳಿಗ್ಗೆ ಟೀಚರ್ ಅಡುಗೆಮನೆಗೆ ಬಂದಾಗ ಸೊಸೆ ಬಾಟಲಿಗೆ ಪುಡಿ ಹಾಕುತ್ತಿದ್ದಳು. ಟೀಚರ್ ಬಾಗಿಲಲ್ಲೇ ನಿಂತು ಎಣಿಸಿದಳು.

"ಅತ್ತಿಗೆ, ನಾಲ್ಕು ಚಮಚ ಹಾಕಬೇಕಲ್ವಾ? ಎರಡಕ್ಕೇ ಮುಚ್ಚಳ ಹಾಕಿದ್ರಿ."

"ಎಣಿಸಬೇಡ."

"ನೀರು ಮಾಡಬಾರದು ಅಂತ ಡಬ್ಬದ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದಾರೆ. ಮಗೂಗೆ ಫಿಟ್ಸ್ ಬರುತ್ತೆ."

"ಡಬ್ಬದ ಮೇಲೆ ಬರೆದೋರು ಡಬ್ಬಾನೂ ಕಳಿಸ್ಲಿ!" ಸೊಸೆ ಚಮಚವನ್ನು ಸಿಂಕಿಗೆ ಎಸೆದಳು. "ನಿಂಗೇನು, ಲೆಕ್ಕ ಮಾಡಿ ಕೂತ್ಕೋತೀಯ. ಇಬ್ಬರೂ ಅತ್ತಾಗ ಯಾರಿಗೆ ಮೊದಲು ಕೊಡಬೇಕು ಅಂತ ನಿನ್ನ ಲೆಕ್ಕದಲ್ಲಿ ಬರುತ್ತಾ?"

"ಸರಿಯಾಗಿ ಉಂಡಿದ್ರೆ ಎದೆಹಾಲು ಬರ್ತಿತ್ತು," ಎಂದು ಅಜ್ಜಿ ಹಿಂದಿನಿಂದ ಗೊಣಗಿದಳು.

"ಏನು ಉಣ್ಣಲಿ ಅತ್ತೆ? ನನ್ನ ಪಾಲಿನ ಅರ್ಧ ಮೊಟ್ಟೇನಾ?"

ಅಜ್ಜ ಹಜಾರದಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ. ತನ್ನ ಹೆಸರು ಒಮ್ಮೆಯೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮಗ ಶೂ ಹಾಕಿಕೊಂಡು ಹೊರಟ. ಪೊಲೀಸರು ಎರಡು ಕಡೆ ತಡೆದರು, ಮೂರು ಔಷಧಿ ಅಂಗಡಿಯವರು ಕೈ ಆಡಿಸಿದರು, ನಾಲ್ಕನೆಯವನು ಕಪಾಟಿನ ತಳದಿಂದ ಧೂಳು ಹಿಡಿದ ಎರಡು ಸಣ್ಣ ಡಬ್ಬ ತೆಗೆದುಕೊಟ್ಟು, ಇದೇ ಕೊನೆ, ಮತ್ತೆ ಬರಬೇಡಿ ಎಂದ. ಸಂಜೆ ನಾಲ್ಕಕ್ಕೆ ಮಗ ವಾಪಸಾದಾಗ ಅವನ ಹಿಮ್ಮಡಿ ಸುಲಿದಿತ್ತು. ಸಣ್ಣ ಡಬ್ಬಗಳಿಂದ ಆ ವಾರ ಹೇಗೋ ದಾಟಿತು. ಮುಂದಿನ ವಾರಕ್ಕೆ ಮತ್ತೆ ಒಂದೇ ಡಬ್ಬ, ಮತ್ತೆ ನಾಲ್ಕೇ ದಿನ.

ಮಗ ಡಬ್ಬ ಹುಡುಕಿ ತಂದ ಮರುದಿನವೇ ಅಜ್ಜ ಮಗಳನ್ನು ಕರೆದು ಸೂಪರ್ ಮಾರ್ಕೆಟ್ಟಿನ ಸಹಾಯವಾಣಿಗೆ ಫೋನು ಹಚ್ಚಿಸಿದ. ನಲವತ್ತು ನಿಮಿಷ ಪೀಪಿ ಸಂಗೀತ ಕೇಳಿಸಿತು. ಆಮೇಲೆ ಒಬ್ಬ ಹುಡುಗಿಯ ದನಿ.

"ಒಂದು ವಿಳಾಸಕ್ಕೆ ಒಂದೇ ಡಬ್ಬ ಸರ್."

"ಮಕ್ಕಳು ಎರಡಮ್ಮ."

"ಗೊತ್ತಾಯ್ತು ಸರ್. ವಿಳಾಸ ಒಂದು."

"ಅವಳಿ. ಒಂದೇ ಹೊಟ್ಟೇಲಿ ಬಂದ್ವು ಅಂತ ಒಂದೇ ಹೊಟ್ಟೆ ಇರುತ್ತಾ?"

"ಅವಳಿ ಅಂತ ನಮ್ಮಲ್ಲಿ ಕಾಲಮ್ ಇಲ್ಲ ಸರ್."

"ಹಾಗಾದ್ರೆ ಒಂದು ಮಗೂನ ಬೇರೆ ಮನೆ ಮಾಡಿ ಇಡಬೇಕಾ?"

ಹುಡುಗಿ ಎದುರಿನ ಪರದೆಯಿಂದ ಓದುವ ಹಾಗೆ ಹೇಳಿದಳು. "ಪ್ರತ್ಯೇಕ ಮನೆ ಇದ್ರೆ ಪ್ರತ್ಯೇಕ ಖಾತೆ ಕೊಡ್ತೀವಿ ಸರ್. ಬೇರೆ ಬಾಗಿಲಿರಬೇಕು. ಬೇರೆ ಅಡುಗೆ ಇರಬೇಕು. ಆ ವಿಳಾಸಕ್ಕೆ ಬಂದ ಒಂದು ಟಪಾಲಿನ ಫೋಟೋ ಕಳಿಸಬೇಕು. ಮೊದಲ ಡೆಲಿವರಿಗೆ ಬಂದೋರು ನೋಡ್ಕೊಂಡು ಹೋಗ್ತಾರೆ."

ಟಪಾಲು ಎಂಬ ಮಾತಿಗೆ ಅಜ್ಜನ ಬೆನ್ನು ನೆಟ್ಟಗಾಯಿತು. ಅವನು ಫೋನನ್ನು ಮಗಳ ಕೈಗೆ ಕೊಟ್ಟು, ಅಡುಗೆಮನೆಯಿಂದ ಒಂದು ಹಳೆಯ ಚಾಕು ತೆಗೆದುಕೊಂಡು, ಹಿತ್ತಿಲಿಗೆ ಹೋದ.

ಹಿತ್ತಿಲಿನ ಆಚೆ ಒಂದು ಕೋಣೆಯಿತ್ತು. ಅದರ ಬಾಗಿಲು ಹಿಂದಿನ ಓಣಿಗೆ ತೆರೆಯುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಅಲ್ಲಿ ಒಬ್ಬ ಗಡಿಯಾರ ರಿಪೇರಿಯವನು ಬಾಡಿಗೆಗಿದ್ದ. ಅವನು ಹೋದ ಮೇಲೆ ಲಿಫ್ಟಿನ ತಂತಿ, ಮುರಿದ ಸೈಕಲ್ಲು, ಖಾಲಿ ಡ್ರಮ್ಮು ಅಲ್ಲಿ ಸೇರಿಕೊಂಡಿದ್ದವು. ಅಜ್ಜ ಬಾಗಿಲ ಚೌಕಟ್ಟಿನ ಮೇಲೆ ಚಾಕು ಆಡಿಸಿದ. ಹಸಿರು ಬಣ್ಣ ಉದುರಿತು, ಅದರಡಿಯ ನೀಲಿ ಉದುರಿತು, ಅದರಡಿ ತಗಡಿನ ಸಣ್ಣ ಫಲಕ ಕಂಡಿತು: 14½.

"ಹದಿನಾಲ್ಕೂವರೆ," ಎಂದ ಅಜ್ಜ, ಹಿಂದೆಯೇ ಬಂದ ಮಗನಿಗೆ. "ನಗರಸಭೆ ಕೊಟ್ಟ ನಂಬರು. ಗಡಿಯಾರದೋನಿಗೆ ನಾನೇ ಮನಿಯಾರ್ಡರ್ ತಂದುಕೊಟ್ಟಿದ್ದೀನಿ ಇಲ್ಲಿಗೆ."

ಮಗ ನಕ್ಕ. ಒಂದು ತಿಂಗಳಲ್ಲಿ ಮೊದಲ ಸಲ. "ಹೇಗೂ ಇದೆಯಲ್ಲ! ಒಂದು ಸ್ಟವ್ ತಂದಿಟ್ಟು ಫೋಟೋ ಹೊಡೆದ್ರೆ ಮುಗೀತು."

"ಫೋಟೋಗೆ ಸ್ಟವ್ ಇಟ್ರೆ ಅದು ನಾಟಕ. ನಾಟಕದ ವಿಳಾಸ ಸುಳ್ಳು ವಿಳಾಸ. ನಾನು ಇಲ್ಲಿಗೆ ಬರ್ತೀನಿ."

"ಬರ್ತೀನಿ ಅಂದ್ರೆ?"

"ಬೇರೆ ಮನೆ ಮಾಡ್ತೀನಿ."

ಸುದ್ದಿ ಕೇಳಿ ಅಜ್ಜಿ ಕೈಯಲ್ಲಿದ್ದ ಸೌಟನ್ನು ಇಳಿಸಲಿಲ್ಲ. "ಎಪ್ಪತ್ತನಾಲ್ಕು ವರ್ಷಕ್ಕೆ ಮನೆ ಪಾಲು ಮಾಡೋಕೆ ಹೊರಟಿದ್ದಾರೆ! ಮಕ್ಕಳು ಅಪ್ಪನಿಂದ ಬೇರೆ ಆಗೋದು ಕೇಳಿದ್ದೀನಿ, ಅಪ್ಪ ಬೇರೆ ಆಗೋದು ಇದೇ ಮೊದಲು."

"ಬರೀ ಇಪ್ಪತ್ತೆರಡು ಹೆಜ್ಜೆ ಕಣೇ."

"ಅಲ್ಲೇ ಮಲಗಿ ಬೇಕಾದ್ರೆ. ಊಟಕ್ಕೆ ಇಲ್ಲಿ ಬನ್ನಿ."

"ಬೇರೆ ಅಡುಗೆ ಇರಬೇಕು ಅಂದಿದ್ದಾಳೆ ಆ ಹುಡುಗಿ."

"ಅನ್ನ ಮಾಡೋಕೆ ಬರುತ್ತಾ ನಿಮಗೆ?"

"ಕಲೀತೀನಿ."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಉಣ್ಣೋದೂ ಬೇರೆ, ಮಲಗೋದೂ ಬೇರೆ ಆದ್ರೆ ನಮ್ಮ ಜಗಳ ಮುಗಿಯೋದು ಯಾವಾಗ?"

"ಲಾಕ್‌ಡೌನ್ ಮುಗಿದಾಗ," ಎಂದು ಅಜ್ಜ ಹಾಸಿಗೆ ಸುತ್ತಿದ.

ಮಗ ಡ್ರಮ್ಮು, ಸೈಕಲ್ಲು ಹೊರಹಾಕಿ, ಒಂದು ಬಲ್ಬು ಮತ್ತು ವಿದ್ಯುತ್ ಒಲೆಗೆ ತಂತಿ ಎಳೆದುಕೊಟ್ಟ. ಸೊಸೆ ಒಂದು ಪಾತ್ರೆ, ಒಂದು ತಟ್ಟೆ, ಒಂದು ಲೋಟ ಕೊಟ್ಟಳು. ಚಮಚ ಮಾತ್ರ ಎರಡು ಇಟ್ಟಳು.

ಟೀಚರ್ ಖಾತೆ ತೆರೆಯಲು ಕುಳಿತಳು. "ಅರ್ಧ ಹಾಕೋಕೆ ಇದರಲ್ಲಿ ಕೀಲಿಯೇ ಇಲ್ಲ ಅಪ್ಪ. ಹದಿನಾಲ್ಕು ಪಾಯಿಂಟ್ ಐದು ಅಂತ ಹಾಕಲಾ? ಅದೂ ಸುಳ್ಳು ಅಂತೀಯಾ?"

ಅಜ್ಜ ಕನ್ನಡಕ ಏರಿಸಿ ಫೋನಿನ ಪರದೆಗೆ ಬಗ್ಗಿದ. "ನೀನು ಲೆಕ್ಕದ ಟೀಚರ್. ಎರಡೂ ಒಂದೇನಾ?"

"ಒಂದೇ."

"ಹಾಗಾದ್ರೆ ಹಾಕು."

ಇನ್ನು ಉಳಿದದ್ದು ಟಪಾಲು. ಖಾಲಿ ಲಕೋಟೆ ಸಾಕು ಎಂದ ಮಗ. ಖಾಲಿ ಲಕೋಟೆ ಹೊರುವುದು ಪೋಸ್ಟ್‌ಮ್ಯಾನಿಗೆ ಮಾಡುವ ಅವಮಾನ ಎಂದ ಅಜ್ಜ. ತನಗೆ ತಾನೇ ಬರೆದುಕೊಳ್ಳುವುದು ಹುಚ್ಚು. ಕೊನೆಗೆ ಅಜ್ಜಿ, "ನಾನು ಬರೀತೀನಿ. ಹೇಳೋದು ಬೇಕಾದಷ್ಟಿದೆ," ಎಂದು ಕಾಗದ ಕಸಿದುಕೊಂಡಳು. ನಲವತ್ತಾರು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಒಂದು ಸಾಲೂ ಬರೆದಿರಲಿಲ್ಲ. ಊರಿನ ಕಾಗದವೆಲ್ಲ ಹೊತ್ತು ಬರುವವನಿಗೆ ಮನೆಯಿಂದ ಇನ್ನೊಂದು ಯಾಕೆ ಎಂದುಕೊಂಡಿದ್ದಳೋ ಏನೋ.

ಕಾಗದ ಬೀದಿ ತುದಿಯ ಡಬ್ಬಕ್ಕೆ ಬಿತ್ತು, ಅಲ್ಲಿಂದ ದೊಡ್ಡ ಕಚೇರಿಗೆ ಹೋಯಿತು, ಮುದ್ರೆ ಬಿತ್ತು, ಮೂರು ದಿನ ಬಿಟ್ಟು ಇಪ್ಪತ್ತೆರಡು ಹೆಜ್ಜೆ ದೂರದ ಬಾಗಿಲಿಗೆ ಬಂತು. ತಂದವನು ಅಜ್ಜನ ಕೈಕೆಳಗೇ ಪಳಗಿದ ಪೋಸ್ಟ್‌ಮ್ಯಾನು. ಅವನು ಓಣಿಯಲ್ಲಿ ಸೈಕಲ್ ನಿಲ್ಲಿಸಿ, ಲಕೋಟೆಯನ್ನೂ ಬಾಗಿಲನ್ನೂ ನೋಡಿದ.

"ಗುರುಗಳೇ, ಈ ನಂಬರು ಸತ್ತು ಎಷ್ಟು ವರ್ಷ ಆಯ್ತು! ವಾಪಸ್ ಕಳಿಸೋದ್ರಲ್ಲಿದ್ದೆ."

"ನಾನು ನಿನಗೆ ಹೇಳಿಕೊಟ್ಟಿದ್ದು ಏನು?"

"ಬಾಗಿಲಿರಬೇಕು. ಬಾಗಿಲ ಹಿಂದೆ ತಗೊಳ್ಳೋ ಕೈ ಇರಬೇಕು."

"ಮತ್ತೆ?" ಅಜ್ಜ ಕೈ ಚಾಚಿದ.

ಲಕೋಟೆಯ ಫೋಟೋ ತೆಗೆದಾದ ಮೇಲೆ ಅಜ್ಜ ಒಬ್ಬನೇ ಕುಳಿತು ಅದನ್ನು ಒಡೆದ. ಅಜ್ಜಿ ಬರೆದಿದ್ದಳು: 'ಹದಿನಾಲ್ಕೂವರೆ ನಂಬರಿನವರಿಗೆ. ನಿಮ್ಮ ಅನ್ನ ಸೀದ ವಾಸನೆ ನಮ್ಮ ಅಡುಗೆಮನೆಗೆ ಬರುತ್ತಿದೆ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು. ಹಲ್ಲಿಲ್ಲದವರು ಎರಡೂವರೆ ಹಾಕಬೇಕು. ಬಿ.ಪಿ. ಮಾತ್ರೆ ಕಿಟಕಿಯ ಮೇಲಿದೆ, ಕಾಣಿಸದಿದ್ದರೆ ಕನ್ನಡಕ ಹಾಕಿಕೊಳ್ಳಿ. ಅವತ್ತು ಅಲ್ಪವಿರಾಮದ ಮಾತು ಆಡಿದ್ದು ಸಿಟ್ಟಿನಲ್ಲಿ. ಆದರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಇಂತಿ, ಹದಿನಾಲ್ಕನೇ ನಂಬರು.'

ಅಂದು ಅವನು ಎರಡೂವರೆ ಲೋಟ ನೀರಿಟ್ಟ. ಅನ್ನ ಗಂಜಿಯಾಯಿತು, ಆದರೆ ಸೀಯಲಿಲ್ಲ.

ಖಾತೆ ಮಂಜೂರಾಯಿತು. ಆರ್ಡರಿನಲ್ಲಿ ಎರಡು ಅಕ್ಕಿ, ಎರಡು ಬ್ರೆಡ್ಡು, ಎರಡು ಡಜನ್ ಮೊಟ್ಟೆ, ಒಂದು ಡಬ್ಬ ಹಾಲಿನ ಪುಡಿ. ಬರಬೇಕಾದದ್ದು ಗುರುವಾರ. ಹದಿನಾಲ್ಕಕ್ಕೆ ಆ ವಾರ ಬಂದಿದ್ದ ಡಬ್ಬ ತಳ ಕಾಣುವುದೂ ಗುರುವಾರವೇ. ಸೊಸೆ ಬೆಳಿಗ್ಗೆ ಡಬ್ಬವನ್ನು ಬೋರಲು ಹಾಕಿ ತಟ್ಟಿದಾಗ ಒಂದು ಬಾಟಲಿಗಾಗುವಷ್ಟು ಪುಡಿ ಬಂತು.

ಹನ್ನೊಂದಕ್ಕೆ ಓಣಿಯಲ್ಲಿ ವ್ಯಾನು ನಿಂತಿತು. ಡೆಲಿವರಿಯ ಹೆಂಗಸು ಮಾಸ್ಕಿನ ಮೇಲೆ ಪ್ಲಾಸ್ಟಿಕ್ ಮುಸುಕು ಹಾಕಿ, ಕೈಯಲ್ಲೊಂದು ಯಂತ್ರ ಹಿಡಿದು ಇಳಿದಳು. ಪೆಟ್ಟಿಗೆಯನ್ನು ವ್ಯಾನಿನಲ್ಲೇ ಬಿಟ್ಟು ಬಾಗಿಲಿಗೆ ಬಂದಳು.

"ಮೊದಲು ಪರಿಶೀಲನೆ. ಪ್ರತ್ಯೇಕ ಬಾಗಿಲು?"

"ಎದುರಿಗೇ ನಿಂತಿದ್ದೀಯಲ್ಲ."

"ಹೌದು." ಯಂತ್ರ ಒತ್ತಿದಳು. "ಪ್ರತ್ಯೇಕ ಅಡುಗೆ?"

ಅಜ್ಜ ಪಕ್ಕಕ್ಕೆ ಸರಿದ. ಅವಳು ಇಣುಕಿ ನೋಡಿದಳು. ಒಂದು ತಟ್ಟೆ, ಒಂದು ಲೋಟ, ಒಲೆಯ ಮೇಲೆ ಕಪ್ಪು ಹಿಡಿದ ಪಾತ್ರೆ.

"ಅಡುಗೆ ಇದೆ," ಎಂದಳು. "ರುಚಿ ಅಂತ ಕೇಳಿಲ್ಲ, ನಿಮ್ಮ ಪುಣ್ಯ. ಎಷ್ಟು ಜನ?"

"ಒಬ್ಬ."

ಆಗ ಹಿತ್ತಿಲಿನಾಚೆ ಚಿಕ್ಕೋಳು ಅಳಲು ಶುರುಮಾಡಿದಳು. ಹಿಂದೆಯೇ ದೊಡ್ಡೋನು ಸೇರಿಕೊಂಡ. ಹೆಂಗಸು ಕತ್ತೆತ್ತಿದಳು. ಕಿಟಕಿಯಾಚೆ ಹಿತ್ತಿಲ ತಂತಿಯ ಮೇಲೆ ಅಂಗೈಯಗಲದ ಅಂಗಿಗಳು ಸಾಲಾಗಿ ಒಣಗುತ್ತಿದ್ದವು, ಎಲ್ಲವೂ ಎರಡೆರಡು.

"ಮಗು ಅಳ್ತಿದೆ."

"ಹದಿನಾಲ್ಕನೇ ನಂಬರಲ್ಲಿ."

"ಎರಡು ಅಳ್ತಿರೋ ಹಾಗಿದೆ."

"ಎರಡೇ."

ಅವಳು ಯಂತ್ರ ನೋಡಿದಳು, ಅಜ್ಜನನ್ನು ನೋಡಿದಳು. "ಒಬ್ಬರೇ ಇರೋದು ಅಂತೀರಿ. ಆರ್ಡರಲ್ಲಿ ಹಾಲಿನ ಪುಡಿ ಇದೆ. ಯಾರಿಗೆ ಅಂತ ಕೇಳುತ್ತೆ ಇದು."

ಅಡುಗೆಮನೆಯ ಕಿಟಕಿಯಲ್ಲಿ ಮಗ, ಸೊಸೆ, ಟೀಚರ್, ಅಜ್ಜಿ ಒಬ್ಬರ ಮೇಲೊಬ್ಬರು ಒತ್ತಿಕೊಂಡು ನಿಂತಿರುವುದು ಅಜ್ಜನಿಗೆ ಗೊತ್ತಿತ್ತು. ಮೂವತ್ತೆಂಟು ವರ್ಷದಲ್ಲಿ ಒಂದು ಕಾಗದವನ್ನೂ ತಪ್ಪು ಬಾಗಿಲಿಗೆ ಹಾಕಿದವನಲ್ಲ. ತನಗೇ ಅಂದರೆ ಸುಳ್ಳು. ಮಕ್ಕಳಿಗೆ ಅಂದರೆ ಡಬ್ಬ ವಾಪಸ್ ವ್ಯಾನಿನಲ್ಲೇ ಹೋಗುತ್ತದೆ.

ಅವನು ಎರಡು ಹೆಜ್ಜೆ ಹಿಂದೆ ಸರಿದು, ಮಾಸ್ಕು ಗಲ್ಲಕ್ಕಿಳಿಸಿ, ಬಾಯಿ ಆ ಎಂದು ತೆರೆದ. ಎಷ್ಟು ಅಗಲ ತೆರೆಯಬಹುದೋ ಅಷ್ಟು. ಮೇಲೂ ಕೆಳಗೂ ಬರೀ ವಸಡು. ಏನೂ ಹೇಳದೆ ಮಾಸ್ಕು ಮತ್ತೆ ಏರಿಸಿದ.

ಹೆಂಗಸಿನ ಭುಜ ಅಲುಗಿತು. "ಇದರಲ್ಲಿ ಹಲ್ಲಿಗೆ ಕಾಲಮ್ ಇಲ್ಲ ಅಜ್ಜ."

"ಅವಳಿ ಮಕ್ಕಳಿಗೂ ಇಲ್ಲವಂತೆ."

ಅವಳು ಒಂದು ಕ್ಷಣ ಅಂಗಿಗಳ ಕಡೆ ನೋಡಿ, ಯಂತ್ರವನ್ನು ಒತ್ತಿದಳು. "'ಇತರೆ' ಅಂತ ಒಂದಿದೆ. ಹಾಕಿದ್ದೀನಿ." ಪೆಟ್ಟಿಗೆ ತಂದು ಹೊಸ್ತಿಲಲ್ಲಿ ಇಡುತ್ತ, "ನಮ್ಮನೇಲಿ ಒಂಬತ್ತು ಜನ. ನಮಗೂ ಎರಡೇ ಬ್ರೆಡ್ಡು. ನಮ್ಮನೇಗೆ ಹಿಂಬಾಗಿಲೂ ಇಲ್ಲ," ಎಂದು ವ್ಯಾನು ಹತ್ತಿದಳು.

ಅಜ್ಜ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಹಿತ್ತಿಲಿನಿಂದ ಹೋಗಲಿಲ್ಲ. ಓಣಿ ಸುತ್ತಿ, ಬೀದಿಗೆ ಬಂದು, ಗುಮಾಸ್ತನ ಕಿಟಕಿಯ ಮುಂದೆಯೇ ನಡೆದು, ಹದಿನಾಲ್ಕನೇ ನಂಬರಿನ ಮುಂಬಾಗಿಲ ಗಂಟೆ ಒತ್ತಿದ. ಸೊಸೆ ತೆರೆದು ಡಬ್ಬ ಕಸಿದುಕೊಂಡು ಒಳಗೆ ಓಡಿದಳು. ಚಮಚ ಡಬ್ಬಕ್ಕೆ ತಾಗುವ ಸದ್ದು ಬಾಗಿಲಿಗೇ ಕೇಳಿಸಿತು. ಒಂದು, ಎರಡು, ಮೂರು, ನಾಲ್ಕು. ಅಜ್ಜ ಎಣಿಸಿಕೊಂಡು ವಾಪಸಾದ.

"ಊಟ ಆಗಿದೆ, ಒಳಗೆ ಬನ್ನಿ," ಎಂದಳು ಅಜ್ಜಿ ಹಿಂದಿನಿಂದ.

"ನನ್ನ ಮನೇಲೂ ಆಗಿದೆ," ಎಂದ ಅವನು.

ಒಂಬತ್ತು ವಾರ ಹೀಗೇ ನಡೆಯಿತು. ಅಜ್ಜ ಒಂದು ತುತ್ತನ್ನೂ ಹದಿನಾಲ್ಕರಲ್ಲಿ ತಿನ್ನಲಿಲ್ಲ. ಅಜ್ಜಿ ಒಮ್ಮೊಮ್ಮೆ ತನ್ನ ತಟ್ಟೆ ಹಿಡಿದು ಹದಿನಾಲ್ಕೂವರೆಯ ಮೆಟ್ಟಿಲ ಮೇಲೆ ಕುಳಿತು, ಅತಿಥಿಗೆ ಯಾರೂ ಲೆಕ್ಕ ಕೇಳುವುದಿಲ್ಲ ಎಂದು ಅವನ ಗಂಜಿಯನ್ನು ಬೈಯುತ್ತ ಉಂಡಳು. ಆಮೇಲೆ ಅಂಗಡಿಗಳು ತೆರೆದವು, ಮಿತಿ ಹೋಯಿತು, ದಂತವೈದ್ಯ ಬಂದು ಹಲ್ಲಿನ ಸೆಟ್ಟು ಕೊಟ್ಟ. ಅಜ್ಜ ಹಾಸಿಗೆ ಸುತ್ತಿಕೊಂಡು ಮನೆಗೆ ಬಂದ. ಮಗ ಫಲಕದ ಮೇಲೆ ಬಣ್ಣ ಬಳಿಯಲು ಹೋದಾಗ ಮಾತ್ರ ಕುಂಚ ಕಿತ್ತುಕೊಂಡ.

ಅದಾದ ಹದಿನೈದು ದಿನಕ್ಕೆ ಪೋಸ್ಟ್‌ಮ್ಯಾನು ಹಿಂದಿನ ಓಣಿಯಿಂದ ಕೂಗಿದ. "ಗುರುಗಳೇ, ಹದಿನಾಲ್ಕೂವರೆಗೆ ಟಪಾಲು!"

ಬಣ್ಣದ ಕಾಗದದ ದಪ್ಪ ಮಡಿಕೆ. ಸೂಪರ್ ಮಾರ್ಕೆಟ್ಟಿನದು. ಟೀಚರ್ ಓದಿದಳು: "ನಂಬರ್ ಹದಿನಾಲ್ಕು ಪಾಯಿಂಟ್ ಐದರ ಮಾನ್ಯ ಗ್ರಾಹಕರೇ, ನಿಮಗಾಗಿ ವಿಶೇಷ ಕೊಡುಗೆ. ಮಕ್ಕಳ ಹಾಲಿನ ಪುಡಿ, ಒಂದು ಕೊಂಡರೆ ಒಂದು ಉಚಿತ. ಎಷ್ಟು ಬೇಕಾದರೂ ಕೊಳ್ಳಿ."

ಮಕ್ಕಳಿಬ್ಬರೂ ಹಜಾರದ ಚಾಪೆಯ ಮೇಲೆ ಬೋರಲು ಬಿದ್ದು ಒಬ್ಬರ ಕಾಲನ್ನೊಬ್ಬರು ಚೀಪುತ್ತಿದ್ದರು.

ಅಜ್ಜ ಎದ್ದು, ಪೆಟ್ಟಿಗೆಯಿಂದ ಕೆಲಸದ ದಿನಗಳ ನೀಲಿ ಪೆನ್ಸಿಲು ತೆಗೆದ. ಅದರ ತುದಿಯನ್ನು ನಾಲಿಗೆಗೆ ತಾಗಿಸಿ, ವಿಳಾಸದ ಮೇಲೆ ಅಡ್ಡಗೆರೆ ಎಳೆದು, ದೊಡ್ಡ ಅಕ್ಷರದಲ್ಲಿ ಬರೆದ: 'ಸ್ವೀಕರಿಸಲು ನಿರಾಕರಿಸಿದ್ದಾರೆ. ಕಳಿಸಿದವರಿಗೆ ವಾಪಸ್.'

"ರೀ, ಒಂದು ಪುಕ್ಕಟೆ ಸಿಗ್ತಿತ್ತಲ್ರೀ!" ಎಂದಳು ಅಜ್ಜಿ.

"ಅವರ ಪುಕ್ಕಟೆ ಅವರ ಹತ್ರಾನೇ ಇರಲಿ."

ಪೋಸ್ಟ್‌ಮ್ಯಾನು ಕೈ ಚಾಚಿದ. ಅಷ್ಟರಲ್ಲಿ ಸೊಸೆ ಬಂದು, "ಒಂದು ನಿಮಿಷ ಮಾವ," ಎಂದು ಅದನ್ನು ಅಜ್ಜನ ಕೈಯಿಂದ ತೆಗೆದುಕೊಂಡಳು. ಒಳಪುಟ ಬಿಡಿಸಿ, ಉಚಿತ ಡಬ್ಬದ ಕೂಪನ್ನನ್ನು ಚುಕ್ಕೆಗೆರೆಯ ಮೇಲೆ ನೀಟಾಗಿ ಹರಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಉಳಿದದ್ದನ್ನು ಮೊದಲಿನ ಹಾಗೇ ಮಡಚಿ ಪೋಸ್ಟ್‌ಮ್ಯಾನನ ಕೈಗೆ ಕೊಟ್ಟಳು.

"ಈಗ ವಾಪಸ್ ಕಳಿಸಿ," ಎಂದಳು.